ನಿಮಗಿದು ಗೊತ್ತೆ? ಶೆಲ್ಟಿ ಮರಿ ತರುವ ಮುನ್ನ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಕುರಿನಾಯಿಯೇ ಶೆಲ್ಟಿ. ಬ್ರಿಟನ್ನಿನ ಕೆನೆಲ್ ಕ್ಲಬ್ 1909ರಲ್ಲಿ ಇದನ್ನು ‘ಶೆಟ್ಲೆಂಡ್ ಕೋಲಿ’ ಎಂದು ಪಟ್ಟಿಗೆ ಸೇರಿಸಿತ್ತು. ಕೋಲಿ ಎಂಬ ಬೇರೊಂದು ಕುರಿನಾಯಿ ತಳಿ ಸಾಕುವವರು ತಕರಾರು ತೆಗೆದದ್ದರಿಂದ 1914ರಲ್ಲಿ ಹೆಸರು ‘ಶೆಟ್ಲೆಂಡ್ ಶೀಪ್‌ಡಾಗ್’ ಆಯಿತು.

ಬೆಳೆದರೂ ಭುಜದೆತ್ತರ ಸುಮಾರು 13ರಿಂದ 16 ಅಂಗುಲ. ಚುರುಕು, ಮನೆಯವರೆಂದರೆ ಪ್ರಾಣ. ಆದರೆ ಕುರಿ ಕಾಯ್ದ ರಕ್ತ ಸುಮ್ಮನಿರದು: ಮಕ್ಕಳು ಓಡಿದರೆ ಸುತ್ತು ಹಾಕಿ, ಹಿಮ್ಮಡಿಗೆ ಬಾಯಿ ಹಾಕಿ ಒಂದೆಡೆ ಸೇರಿಸಲು ನೋಡುತ್ತದೆ. ಬೊಗಳುವುದೂ ಹೆಚ್ಚು. ಅಪಾರ್ಟ್‌ಮೆಂಟಿನವರು ಮೊದಲೇ ಯೋಚಿಸಬೇಕು.

ಮರಿ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಬೂದು-ನೀಲಿ ಮಚ್ಚೆಯ ‘ಬ್ಲೂ ಮರ್ಲ್’ ಚೆಂದವೇ. ಆದರೆ ತಂದೆ ತಾಯಿ ಎರಡೂ ಮರ್ಲ್ ಆಗಿದ್ದರೆ ಸರಾಸರಿ 4ರಲ್ಲೊಂದು ಮರಿಗೆ ಆ ಜೀನ್ ಎರಡೂ ಕಡೆಯಿಂದ ಬರುತ್ತದೆ. ಅಂಥ ಮರಿ ಬಹುಪಾಲು ಬೆಳ್ಳಗಿರುತ್ತದೆ. ಕಿವುಡೋ ಕುರುಡೋ ಆಗುವ ಅಪಾಯ ಹೆಚ್ಚು. ಗೊತ್ತಿದ್ದೂ ಇಂಥ ಜೋಡಿ ಮಾಡಿಸುವುದು ಕ್ರೌರ್ಯ. ತಾಯಿನಾಯಿಯನ್ನು ತೋರಿಸದವರಿಂದ ಮರಿ ಕೊಳ್ಳಲೇಬೇಡಿ. ‘ಕೋಲಿ ಐ’ ಎಂಬ ಹುಟ್ಟುದೋಷಕ್ಕೆ 6ರಿಂದ 8 ವಾರದೊಳಗೆ ಕಣ್ಣು ಪರೀಕ್ಷೆ ಮಾಡಿಸಿದ ಚೀಟಿ ಕೇಳಿ. ಆಮೇಲೆ ಪರೀಕ್ಷಿಸಿದರೆ ಸಣ್ಣ ದೋಷ ಕಾಣದೆ ಹೋಗಬಹುದು.

ಇನ್ನೊಂದು ಮಾತು. ಕೆಲವು ಶೆಲ್ಟಿಗಳಲ್ಲಿ ಎಂಡಿಆರ್1 ಎಂಬ ಜೀನ್ ಕೆಟ್ಟಿರುತ್ತದೆ. ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಪ್ರಮಾಣ ಹೆಚ್ಚಾದರೆ ಅವುಗಳ ಮಿದುಳಿಗೇರಿ ಪ್ರಾಣಕ್ಕೇ ಕುತ್ತು ತರಬಹುದು. ಔಷಧಿ ಕೊಡಿಸುವ ಮುನ್ನ ‘ಇದು ಶೆಲ್ಟಿ’ ಎಂದು ಪಶುವೈದ್ಯರಿಗೆ ಹೇಳಿ.