ನಿಮಗಿದು ಗೊತ್ತೇ? ಮುಟ್ಟದೆ ಅಳೆಯುವ ‘ಸಿ.ಟಿ.’

ನೂರಾರು ಆಂಪಿಯರ್ ಹರಿಯುವ ಕೇಬಲ್ಲನ್ನು ನೇರವಾಗಿ ಮೀಟರಿಗೆ ಕೊಟ್ಟರೆ ಮೀಟರ್ ಸುಟ್ಟೀತು. ಅದಕ್ಕೇ ನಡುವೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ‘ಸಿ.ಟಿ.’ ಇರುತ್ತದೆ.

● ಎಷ್ಟೋ ಸಿ.ಟಿ.ಗಳಲ್ಲಿ ಪ್ರೈಮರಿ ಸುರುಳಿಯೇ ಇಲ್ಲ! ಬಳೆಯಂಥ ಉಕ್ಕಿನ ಕೋರ್‌ನೊಳಗೆ ಹಾದುಹೋದ ಕೇಬಲ್ಲೇ ಒಂದು ಸುತ್ತು. ಕೋರ್ ಮೇಲೆ 80 ಸುತ್ತು ತಂತಿಯಿದ್ದರೆ (ಇದೇ ಸೆಕೆಂಡರಿ) 400 ಆಂಪಿಯರ್ ಇಳಿದು 5 ಆಗುತ್ತದೆ.

● ಅದೇ ಕೇಬಲ್ಲನ್ನು ಎರಡು ಸಲ ತೂರಿಸಿದರೆ, 100 ಆಂಪಿಯರನ್ನು 5ಕ್ಕಿಳಿಸುವ 100/5 ಸಿ.ಟಿ. 50/5 ಆಗಿಬಿಡುತ್ತದೆ.

● ಸೆಕೆಂಡರಿ ಸಾಮಾನ್ಯವಾಗಿ 5 ಇಲ್ಲವೇ 1 ಆಂಪಿಯರ್. ಕಂಟ್ರೋಲ್ ರೂಮ್ ದೂರವಿದ್ದರೆ 1 ಆಂಪಿಯರೇ ಲೇಸು: ಅದೇ ತಂತಿಯಲ್ಲಿ ನಷ್ಟ 25ರಲ್ಲಿ ಒಂದು ಪಾಲು ಮಾತ್ರ.

● ಲೈನ್ ಚಾಲೂ ಇರುವಾಗ ಸೆಕೆಂಡರಿಯನ್ನು ಬಿಚ್ಚಿಡುವುದು ಪ್ರಾಣಕ್ಕೇ ಅಪಾಯ. ಪ್ರೈಮರಿಯ ಕರೆಂಟಿಗೆ ಎದುರು ನಿಲ್ಲುವ ಕರೆಂಟ್ ಇಲ್ಲದೆ, ಅದೆಲ್ಲವೂ ಕೋರನ್ನು ಕಾಂತಗೊಳಿಸಲು ಹೋಗುತ್ತದೆ; ತುದಿಗಳಲ್ಲಿ ಸಾವಿರಾರು ವೋಲ್ಟ್ ಚಿಮ್ಮಬಹುದು. ಹಾಗಾಗಿ ಈ ಸರ್ಕ್ಯೂಟಿಗೆ ಫ್ಯೂಸ್ ಹಾಕುವುದಿಲ್ಲ. ಮೀಟರ್ ಬಿಚ್ಚುವ ಮೊದಲು ತುದಿಗಳನ್ನು ಶಾರ್ಟ್ ಮಾಡಲೇಬೇಕು. ಬೇರೆ ಕಡೆ ಶಾರ್ಟ್ ಅಂದರೆ ಅನಾಹುತ, ಇಲ್ಲಿ ಅದೇ ರಕ್ಷೆ!

● ಮೂರು ಫೇಸಿನ ಹಳೆಯ ಚಕ್ರದ ಮೀಟರಿಗೆ ಒಂದು ಸಿ.ಟಿ. ತಿರುವುಮುರುವಾದರೆ, ಲೋಡ್ ಸಮನಾಗಿದ್ದಾಗ ಮೂರನೇ ಒಂದು ಭಾಗ ಯೂನಿಟ್ ಮಾತ್ರ ದಾಖಲಾಗುತ್ತದೆ.

● ದೋಷ ಕಂಡಾಗ ಲೈನ್ ಕಡಿಸುವ ರಿಲೇಗೆ ಬೇಕಾದ ಸಿ.ಟಿ. ಬೇರೆ, ಮೀಟರಿನದು ಬೇರೆ. ‘5ಪಿ20’ ಎಂದು ಬರೆದಿದ್ದರೆ, ನಿಗದಿತ ಕರೆಂಟಿನ 20 ಪಟ್ಟು ಹರಿದರೂ ತಪ್ಪು ಶೇ 5ರೊಳಗೆ ಎಂದರ್ಥ. ಮೀಟರಿನ ಸಿ.ಟಿ. ಅಷ್ಟು ಹೊತ್ತಿಗೆ ಸ್ಯಾಚುರೇಟ್ ಆಗಿ ಮೀಟರನ್ನು ಉಳಿಸಬೇಕು.

● ಬಾಯಿ ತೆರೆದು ತಂತಿಯನ್ನು ಹಿಡಿಯುವ ಸಿ.ಟಿ.ಯೇ ಕ್ಲ್ಯಾಂಪ್ ಮೀಟರ್. ಅದರ ಬಾಯಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕೊಟ್ಟರೆ ತೋರಿಸುವುದು ಸೊನ್ನೆ. ಮನೆಯಲ್ಲಿ ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಸ್ವಿಚ್ ಕೆಲಸ ಮಾಡುವುದೂ ಇದೇ ಸೂತ್ರದಲ್ಲಿ: ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂತೋ, ಟ್ರಿಪ್!

● ಸಿ.ಟಿ.ಗೆ ಡಿ.ಸಿ. ಕಾಣುವುದಿಲ್ಲ, ಕಾಂತಕ್ಷೇತ್ರ ಏರಿಳಿದರೆ ಮಾತ್ರ ಸೆಕೆಂಡರಿಯಲ್ಲಿ ಕರೆಂಟ್. ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರಿಗೆ 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮವೇ ಆಧಾರ.

● ಸಿ.ಟಿ.ಗೆ ಮೂಲವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಮೈಕೆಲ್ ಫ್ಯಾರಡೆ ಕಂಡದ್ದು 1831ರಲ್ಲಿ. ಕಾಂತಕ್ಷೇತ್ರ ಬೆಳಕಿನ ಧ್ರುವೀಕರಣವನ್ನು ತಿರುಗಿಸುತ್ತದೆಂದು 1845ರಲ್ಲಿ ತೋರಿಸಿದವನೂ ಅವನೇ. ಉಕ್ಕೂ ತಾಮ್ರವೂ ಬೇಡದ, ಗಾಜಿನ ಎಳೆಯಲ್ಲೇ ಕರೆಂಟ್ ಅಳೆಯುವ ಇಂದಿನ ಆಪ್ಟಿಕಲ್ ಸಿ.ಟಿ.ಗೆ ಆ ಎರಡನೇ ಶೋಧವೇ ತಳಹದಿ.