ಹೊಗೆಯಿಲ್ಲದ ಹೊಗೆಸೊಪ್ಪು

ಬೆಂಗಳೂರಿನ ಸುಬ್ರಹ್ಮಣ್ಯಪುರದ ಕೆರೆಯ ಆಸುಪಾಸಿನಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ನೋಡಿ. ತಗಡಿನ ಶೆಡ್ಡಿನ ನೆರಳಲ್ಲಿ ಬುತ್ತಿ ಮುಗಿಸಿದ ಹೆಂಗಸರು ಸೊಂಟದ ಎಲೆ ಸಂಚಿ ಬಿಚ್ಚುತ್ತಾರೆ. ಎಲೆಗೆ ಸುಣ್ಣ ಸವರಿ, ಅಡಿಕೆ ಚೂರಿಟ್ಟು, ಮೇಲೊಂದು ಚಿಟಿಕೆ ಸೊಪ್ಪೋ ಕಡ್ಡಿಪುಡಿಯೋ. ಸಂಚಿ ಕೈಯಿಂದ ಕೈಗೆ ದಾಟುತ್ತದೆ, ಬಸುರಿಯ ಕೈಗೂ ಬರುತ್ತದೆ. ವಾಕರಿಕೆ ನಿಲ್ಲುತ್ತೆ, ಹಲ್ಲುನೋವು ಇಳಿಯುತ್ತೆ, ಹಸಿವು ಗೊತ್ತಾಗಲ್ಲ ಅಂತ ಕಾರಣಗಳು ಸಿದ್ಧವಾಗಿಯೇ ಇರುತ್ತವೆ.

ಇದೇ ಹೆಣ್ಣುಮಗಳು ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ‘ಬೀಡಿ, ಸಿಗರೇಟು ಸೇದ್ತೀರಾ?’ ಅಂತ ಕೇಳಿದರೆ ‘ಅಯ್ಯೋ, ಇಲ್ಲಮ್ಮ’ ಅನ್ನುತ್ತಾಳೆ. ಸುಳ್ಳಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ಹತ್ತಕ್ಕೊಬ್ಬರು ತಂಬಾಕು ಬಳಸುವವರಿದ್ದರು. ಹೆಚ್ಚುಕಮ್ಮಿ ಎಲ್ಲರೂ ಬಾಯಿಗೆ ಹಾಕಿಕೊಳ್ಳುವವರೇ. ನಮ್ಮ ಭಾಷೆಯ ತಮಾಷೆ ನೋಡಿ: ಹೊಗೆಸೊಪ್ಪಿನ ಹೆಸರಿನಲ್ಲೇ ಹೊಗೆ ಇದೆ, ಬಾಯಲ್ಲಿ ಮಾತ್ರ ಇಲ್ಲ. ಹೊಗೆ ಇಲ್ಲ ಅಂದಮೇಲೆ ತೊಂದರೆಯೂ ಇಲ್ಲ ಅನ್ನುವ ಸಮಾಧಾನ ಅಲ್ಲಿಂದಲೇ ಹುಟ್ಟಿರಬೇಕು.

ಅಂಗೈಯಲ್ಲಿ ಸೊಪ್ಪಿಟ್ಟು ಹೆಬ್ಬೆರಳಿನಿಂದ ಸುಣ್ಣ ತೀಡುವುದು ರುಚಿಗೆ ಅಂದುಕೊಂಡಿದ್ದೇವೆ. ಅಲ್ಲಿ ನಡೆಯುವುದು ರಸಾಯನಶಾಸ್ತ್ರ. ಸುಣ್ಣದ ಕ್ಷಾರಕ್ಕೆ ಸಿಕ್ಕಿದ ನಿಕೋಟಿನ್ ತನ್ನ ಲವಣ ರೂಪ ಬಿಟ್ಟು ಒಳಗೆನ್ನೆಯ ತೆಳು ಪೊರೆಯನ್ನು ಸಲೀಸಾಗಿ ದಾಟುವ ರೂಪಕ್ಕೆ ಬರುತ್ತದೆ. ಸಿಗರೇಟು ಐದಾರು ನಿಮಿಷದಲ್ಲಿ ಉರಿದು ಮುಗಿಯುತ್ತದೆ. ದವಡೆಗೆ ಒತ್ತಿಟ್ಟ ಸೊಪ್ಪು ಅರ್ಧ ಗಂಟೆ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಇದರಲ್ಲಿಲ್ಲ, ನಿಜ. ದಿನವಿಡೀ ಒಳಸೇರುವ ನಿಕೋಟಿನ್ ಲೆಕ್ಕದಲ್ಲಿ ಮಾತ್ರ ಇದು ಸಿಗರೇಟಿಗೇನೂ ಕಡಿಮೆಯಿಲ್ಲ.

ರಕ್ತಕ್ಕೆ ಇಳಿದದ್ದು ಮಾಸುಚೀಲವನ್ನೂ ದಾಟುತ್ತದೆ. ನಿಕೋಟಿನ್ ಗರ್ಭಕೋಶಕ್ಕೆ ಹೋಗುವ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಮಗುವಿಗೆ ತಲುಪುವ ಆಮ್ಲಜನಕ, ಪೋಷಕಾಂಶ ಎರಡೂ ತಗ್ಗುತ್ತವೆ. ಸೊಪ್ಪಿನಲ್ಲಿರುವ ಕ್ಯಾಡ್ಮಿಯಂ ಮಾಸುಚೀಲದಲ್ಲೇ ಸೇರಿಕೊಂಡು ಮಗುವಿಗೆ ಹೋಗಬೇಕಾದ ಸತುವನ್ನು ತಡೆಯುತ್ತದೆ. ಹಸಿವು ಸತ್ತ ತಾಯಿ ಉಣ್ಣುವುದೇ ಕಡಿಮೆ. ರಕ್ತಹೀನತೆ ಮೊದಲೇ ಇರುವವಳಿಗೆ ಇದು ಬರೆಯ ಮೇಲೆ ಬರೆ.

ಇದನ್ನು ಎಣಿಸಿ ತೋರಿಸಿದ ಒಳ್ಳೆಯ ಅಧ್ಯಯನ ಮುಂಬೈನದು. ಪಿ.ಸಿ. ಗುಪ್ತ ಮತ್ತು ಎಸ್. ಶ್ರೀವಿದ್ಯಾ 1,217 ಗರ್ಭಿಣಿಯರನ್ನು ಹೆರಿಗೆಯವರೆಗೂ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ್ದು. ತಂಬಾಕು ಬಳಸುತ್ತಿದ್ದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ಹೆರಿಗೆ ಆರು ದಿನ ಮುಂಚೆಯೇ ಆಗಿತ್ತು. ನೂರು ಗ್ರಾಂ ಏನು ಮಹಾ ಅನ್ನಬಹುದು. ಕಡಿಮೆ ತೂಕದ ಮಗು ಅನ್ನಿಸಿಕೊಳ್ಳುವ ಎರಡೂವರೆ ಕೆಜಿಯ ಗಡಿಯಲ್ಲಿರುವ ಮಗುವಿಗೆ ಅದು ಗೆರೆಯ ಈಚೆ, ಆಚೆಯ ಪ್ರಶ್ನೆ. ಅದೇ ತಂಡದ ಮುಂದಿನ ವರದಿಯಲ್ಲಿ ಹೊಟ್ಟೆಯಲ್ಲೇ ಮಗು ಸಾಯುವ ಅಪಾಯ ಎರಡೂವರೆ ಪಟ್ಟಿಗಿಂತ ಹೆಚ್ಚಿತ್ತು.

ಸೀಮಂತಕ್ಕೆ ವೀಳ್ಯ, ಬಾಣಂತಿಗೆ ಊಟದ ಮೇಲೆ ಎಲೆ ಅಡಿಕೆ ನಮ್ಮಲ್ಲಿ ಹಳೆಯ ಪದ್ಧತಿ. ಅಡಿಕೆಯೂ ಸಾಧುವಲ್ಲ, ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿಯಾಗಿದೆ. ಹೊಗೆಸೊಪ್ಪಂತೂ ಪೋರ್ಚುಗೀಸರ ಹಿಂದೆ ಬಂದ ನೆಂಟ. ಸಂಪ್ರದಾಯದ ಹೆಸರಲ್ಲಿ ಅದಕ್ಕೆ ಮಣೆ ಹಾಕಬೇಕಾಗಿಲ್ಲ. ಹಾಲೂಡಿಸುವಾಗಲೂ ನಿಕೋಟಿನ್ ಎದೆಹಾಲಿನಲ್ಲಿ ಇಳಿಯುತ್ತದೆ. ಕಾನೂನನ್ನೇ ನಂಬಿ ಕೂರುವಂತೆಯೂ ಇಲ್ಲ: 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ತೂಗುತ್ತಿವೆ.

ಆದ್ದರಿಂದ ತಪಾಸಣೆಯಲ್ಲಿ ಕೇಳುವ ಮಾತು ಬದಲಾಗಲಿ: ‘ಸೊಪ್ಪು ಹಾಕ್ತೀರೇನಮ್ಮಾ?’ ಹೌದು ಅಂದರೆ ಬೈಯುವುದು ಬೇಡ. ಬಿಟ್ಟ ಎರಡು ಮೂರು ದಿನದಲ್ಲಿ ರಕ್ತದ ನಿಕೋಟಿನ್ ಕರಗುತ್ತದೆ, ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವೇ. ಚಟ ಬಿಡಲು 1800-11-2356ಕ್ಕೆ ಕರೆ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ. ಹಲ್ಲುನೋವಿಗೆಂದು ಶುರುಮಾಡಿದವಳನ್ನು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ. ಬಸುರಿನಲ್ಲಿ ಹುಳುಕು ಹಲ್ಲು ತೋರಿಸಬಾರದು ಅನ್ನುವುದು ಬರೀ ಹೆದರಿಕೆ. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲವಾದ ಕಾಲ.