ಯಂತ್ರದ ಮಾತಿಗೆ ಹೊಣೆ ಯಾರು?

ಬ್ಯಾಂಕಿಗೋ ವಿಮಾನ ಸಂಸ್ಥೆಗೋ ನೀವು ಪ್ರಶ್ನೆ ಬರೆದು ಕಳುಹಿಸಿದೊಡನೆ ಉತ್ತರ ಬರುತ್ತದಲ್ಲವೆ? ಅನೇಕ ವೇಳೆ ಅದನ್ನು ಬರೆಯುವವನು ಗುಮಾಸ್ತನಲ್ಲ. ಚಾಟ್‌ಬಾಟ್ ಎಂಬ ಯಂತ್ರ.

2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ಕೊಂಡ 90 ದಿನಗಳೊಳಗೆ ಅರ್ಜಿ ಹಾಕಿದರೂ ರಿಯಾಯಿತಿ ಉಂಟೆಂದು ತಿಳಿಸಿತು. ಸಂಸ್ಥೆಯ ನಿಯಮದಲ್ಲಿ ಹಾಗಿರಲಿಲ್ಲ. ಚಾಟ್‌ಬಾಟಿನ ಮಾತಿಗೆ ಚಾಟ್‌ಬಾಟೇ ಹೊಣೆಯೆಂದು ಸಂಸ್ಥೆ ವಾದಿಸಿತು (ಎಂಥ ವಾದ!). 2024ರಲ್ಲಿ ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿ ಅದನ್ನು ಒಪ್ಪಲಿಲ್ಲ. 650 ಡಾಲರಿಗೂ ಮಿಕ್ಕ ಪರಿಹಾರ ಕೊಡಿಸಿತು.

ಈಚಿನ ಚಾಟ್‌ಬಾಟುಗಳು ಅಪಾರ ಬರಹವನ್ನು ಅರಗಿಸಿಕೊಂಡು, ಮುಂದೆ ಯಾವ ಪದ ಬಂದೀತೆಂದು ಊಹಿಸುತ್ತಲೇ ವಾಕ್ಯ ಕಟ್ಟುತ್ತವೆ. ಸುಳ್ಳೂ ನಿಜದಷ್ಟೇ ನಯವಾಗಿ ಹೊರಡುತ್ತದೆ. ಆದುದರಿಂದ ಬಲ್ಲ ತಯಾರಕರು ಅದನ್ನು ಬರಿಯ ನೆನಪಿನಿಂದ ನುಡಿಯಗೊಡುವುದಿಲ್ಲ. ಮೊದಲು ನಿಯಮಾವಳಿಯಿಂದ ತಕ್ಕ ಪುಟವನ್ನೂ, ಲೆಕ್ಕದಿಂದ ಗಿರಾಕಿಯ ಬಾಬನ್ನೂ ತರಿಸಿ, ಆ ಆಧಾರದ ಮೇಲೆಯೇ ಉತ್ತರ ಬರೆಸುತ್ತಾರೆ. ಆಧಾರ ಸಿಗದಿದ್ದರೆ, ಇಲ್ಲವೆ ಹಣ ಹಿಂದಿರುಗಿಸುವ ಮಾತು ಬಂದರೆ, ಅದುವರೆಗಿನ ಸಂಭಾಷಣೆಯ ಸಮೇತ ಮನುಷ್ಯರಿಗೆ ಒಪ್ಪಿಸುವಂತೆ ಏರ್ಪಾಡು ಮಾಡುತ್ತಾರೆ. ಈ ಕೊನೆಯ ಬಾಗಿಲನ್ನೇ ಇಡದವರೂ ಇದ್ದಾರೆ. ಗಿರಾಕಿಯ ಬೇಸರಕ್ಕೆ ಅದೂ ಒಂದು ಕಾರಣ.

ಹಣದ ವಿಷಯದಲ್ಲಿ ಇಂಥ ಉತ್ತರ ಬಂದರೆ ಅದರ ಪ್ರತಿಯೊಂದನ್ನು ಉಳಿಸಿಕೊಳ್ಳಿ. ಕೆನಡಾದ ಆ ಪ್ರಯಾಣಿಕರ ಕೈ ಹಿಡಿದದ್ದು ಅಂಥದೊಂದು ಪ್ರತಿಯೇ.